ಮೊದಲ ಗಿರಾಕಿ: ಕರ್ನಾಟಕದ ಕೆಲವು ತಾಂತ್ರಿಕ ಉದ್ಯಮಗಳ ಕುರಿತು ಒಂದು ಸಂಶೋಧನಾ ಟಿಪ್ಪಣಿ

ತಾಂತ್ರಿಕ ಆಲೋಚನೆಯೊಂದು ಉದ್ಯಮವಾಗಿ ಹೇಗೆ ನಿಲ್ಲುತ್ತದೆ ಎಂಬ ಪ್ರಶ್ನೆಗೆ ನಮ್ಮ ಎಂಜಿನಿಯರಿಂಗ್ ಮತ್ತು ಮ್ಯಾನೇಜ್‌ಮೆಂಟ್ ಕಾಲೇಜುಗಳ ಪಠ್ಯಗಳು ಹೆಚ್ಚುಕಡಿಮೆ ಒಂದೇ ಕ್ರಮದಲ್ಲಿ ಉತ್ತರ ಕೊಡುತ್ತವೆ. ಪ್ರಯೋಗಾಲಯದಲ್ಲಿ ಹೊಸದೇನೋ ಹೊಳೆಯುತ್ತದೆ. ಅದರ ಮಾದರಿ ಸಿದ್ಧವಾಗುತ್ತದೆ. ಪೇಟೆಂಟ್, ಬಂಡವಾಳ, ಕಾರ್ಖಾನೆ ಒಂದರ ಹಿಂದೊಂದು ಬರುತ್ತವೆ. ಎಲ್ಲ ಮುಗಿದ ಮೇಲೆ ಕೊಳ್ಳುವವರನ್ನು ಹುಡುಕಿಕೊಂಡು ಹೋಗುವುದು. ಕರ್ನಾಟಕದಲ್ಲೇ ನಡೆದ ಕೆಲವು ಪ್ರಕರಣಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಈ ಕ್ರಮದ ಬಗ್ಗೆ ನನಗೆ ಬಲವಾದ ಅನುಮಾನ ಹುಟ್ಟಿದೆ. 1916ರ ಗಂಧದೆಣ್ಣೆ ಕಾರ್ಖಾನೆ, 1962ರಿಂದ ಮೈಸೂರಿನಲ್ಲಿ ತಯಾರಾಗುತ್ತಿರುವ ಚುನಾವಣಾ ಶಾಯಿ, 2001ರ ಸಿಂಪ್ಯೂಟರ್ ಎಂಬ ಅಂಗೈ ಸಾಧನ ಇಲ್ಲಿ ಮುಖ್ಯವಾಗಿ ಚರ್ಚೆಯಾಗುವ ಪ್ರಕರಣಗಳು. ಮೂರರ ಹಿಂದೆಯೂ ಪ್ರಯೋಗಾಲಯದ ಗಟ್ಟಿ ಕೆಲಸವಿದೆ. ಎರಡು ಇಂದಿಗೂ ನಡೆಯುತ್ತಿವೆ, ಒಂದು ಕೆಲವೇ ವರ್ಷಗಳಲ್ಲಿ ಮಾರುಕಟ್ಟೆಯಿಂದ ಮರೆಯಾಯಿತು.

ನನ್ನ ವಾದ ಇಷ್ಟು: ಉದ್ಯಮ ನಿಂತ ಕಡೆ ಗಿರಾಕಿ ಮೊದಲೇ ಇದ್ದ. ಅದೇ ಕೆಲಸಕ್ಕೆ ಅವನು ಆಗಲೇ ಬೇರೆ ಯಾರಿಗೋ ಹಣ ಕೊಡುತ್ತಿದ್ದ, ಇಲ್ಲವೇ ಕೊಡದೆ ಬೇರೆ ದಾರಿಯಿಲ್ಲದ ಸ್ಥಿತಿಯಲ್ಲಿದ್ದ. ತಾಂತ್ರಿಕ ಆಲೋಚನೆ ಆ ಹಣ ಹರಿಯುವ ದಿಕ್ಕನ್ನು ಬದಲಿಸಿತು. ಗಿರಾಕಿಯನ್ನೂ ಹೊಸದಾಗಿ ಸೃಷ್ಟಿಸಬೇಕಾಗಿ ಬಂದ ಕಡೆ, ಎಂಜಿನಿಯರಿಂಗ್ ಎಷ್ಟೇ ಚೆನ್ನಾಗಿದ್ದರೂ ಉದ್ಯಮ ಸೋತಿತು. ಈ ಮಾತಿಗೆ ಇರುವ ಆಕ್ಷೇಪಗಳನ್ನು ಮುಂದೆ ಎತ್ತಿಕೊಳ್ಳುತ್ತೇನೆ.

ಗಂಧದೆಣ್ಣೆಯ ಕಥೆ ಮೈಸೂರಿನಲ್ಲಿ ಶುರುವಾಗುವುದಕ್ಕೆ ಮೊದಲು ಮದರಾಸಿನಲ್ಲಿ ಒಂದು ಪೂರ್ವಪೀಠಿಕೆ ನಡೆದಿತ್ತು. ಅಲ್ಲಿ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದ ಆಲ್ಫ್ರೆಡ್ ಚಾಟರ್ಟನ್ 1898ರಲ್ಲಿ ಮದರಾಸಿನ ಕಲಾಶಾಲೆಯಲ್ಲಿ ಅಲ್ಯೂಮಿನಿಯಂ ಪಾತ್ರೆ ತಯಾರಿಕೆ ಆರಂಭಿಸಿದರು. ಸರ್ಕಾರದ ದುಡ್ಡಿನಲ್ಲಿ ಸಣ್ಣದಾಗಿ ತಯಾರಿಸಿ, ಮಾರಿ, ಲಾಭ ಬರುತ್ತದೆಂದು ತೋರಿಸಿ, ಆಮೇಲೆ ಖಾಸಗಿಯವರಿಗೆ ಒಪ್ಪಿಸಿಬಿಡುವುದು ಅವರ ಪದ್ಧತಿ. ಅಲ್ಯೂಮಿನಿಯಂ ವಿಭಾಗ 1903ರಲ್ಲಿ ಹಾಗೆಯೇ ಒಂದು ಕಂಪನಿಯ ಪಾಲಾಯಿತು. ಮುಂದೆ ಅವರು ಕ್ರೋಮ್ ವಿಧಾನದಲ್ಲಿ ಚರ್ಮ ಹದ ಮಾಡುವ ಕೆಲಸಕ್ಕೂ ಕೈ ಹಾಕಿದರು. ಸರ್ಕಾರ ವ್ಯಾಪಾರಕ್ಕಿಳಿಯುವುದು ಮದರಾಸಿನ ಯುರೋಪಿಯನ್ ವರ್ತಕರಿಗೆ ಸಹಿಸಲಾಗಲಿಲ್ಲ. ದೂರು ಲಂಡನ್‌ವರೆಗೆ ಹೋಯಿತು. ಭಾರತ ಮಂತ್ರಿ ಲಾರ್ಡ್ ಮಾರ್ಲೆ 1910ರಲ್ಲಿ ಸರ್ಕಾರವೇ ಮಾದರಿ ಉದ್ಯಮ ನಡೆಸುವ ನೀತಿಗೆ ತಡೆ ಹಾಕಿದರು. ಬ್ರಿಟಿಷ್ ಆಡಳಿತದ ಪ್ರಾಂತ್ಯಕ್ಕೆ ಅನ್ವಯಿಸಿದ ಈ ತಡೆ ದೇಶೀ ಸಂಸ್ಥಾನವನ್ನು ಕಟ್ಟಿಹಾಕುವಂತಿರಲಿಲ್ಲ. ಚಾಟರ್ಟನ್ 1912ರಲ್ಲಿ ಮೈಸೂರಿಗೆ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ನಿರ್ದೇಶಕರಾಗಿ ಬಂದರು. ಅದೇ ವರ್ಷ ಎಂ. ವಿಶ್ವೇಶ್ವರಯ್ಯನವರು ದಿವಾನರಾದರು. ಮೈಸೂರಿನ ಕೈಗಾರಿಕಾ ಇತಿಹಾಸ ಬರೆಯುವವರು ದಿವಾನರ ದೂರದೃಷ್ಟಿಯನ್ನು ಸರಿಯಾಗಿಯೇ ಎತ್ತಿ ಹೇಳುತ್ತಾರೆ. ಮದರಾಸಿನಲ್ಲಿ ಬಾಗಿಲು ಮುಚ್ಚಿಸಿಕೊಂಡ ಒಂದು ವಿಧಾನ ಇಲ್ಲಿ ಬಾಗಿಲು ತೆರೆದದ್ದಕ್ಕೂ ಅಷ್ಟೇ ತೂಕ ಕೊಡಬೇಕು ಎಂಬುದು ನನ್ನ ಅಭಿಪ್ರಾಯ.

ಮೈಸೂರು ಸೀಮೆಯಲ್ಲಿ ಗಂಧದ ಮರ ಯಾರ ಹಿತ್ತಲಲ್ಲಿ ಬೆಳೆದರೂ ಸರ್ಕಾರದ ಸ್ವತ್ತಾಗಿತ್ತು. ಟಿಪ್ಪು ಸುಲ್ತಾನನ ಕಾಲದಲ್ಲಿ ರಾಜವೃಕ್ಷ ಎನಿಸಿಕೊಂಡದ್ದು ಒಡೆಯರ ಆಳ್ವಿಕೆಯಲ್ಲೂ ಹಾಗೆಯೇ ಉಳಿಯಿತು. ಕಡಿದ ಮರದ ಹೊರಗಿನ ಬಿಳಿ ಭಾಗ ಕೆತ್ತಿ, ಒಳಗಿನ ಚೇಗನ್ನು ಗಂಧದ ಕೋಠಿಗಳಲ್ಲಿ ದರ್ಜೆವಾರು ಜೋಡಿಸಿ ಹರಾಜು ಹಾಕುತ್ತಿದ್ದರು. ಹರಾಜಿನಲ್ಲಿ ಕೊಂಡ ಮರದ ದೊಡ್ಡ ಪಾಲು ಜರ್ಮನಿಗೆ ಹೋಗುತ್ತಿತ್ತು. ಸುಗಂಧ ತೈಲಗಳ ರಸಾಯನಶಾಸ್ತ್ರದಲ್ಲಿ ಆ ದೇಶ ಬಹಳ ಮುಂದಿತ್ತು. ಲೈಪ್‌ಜಿಗ್‌ನ ಷಿಮ್ಮೆಲ್‌ನಂಥ ಸಂಸ್ಥೆಗಳಿಗೆ ಜಗತ್ತಿನಾದ್ಯಂತ ಹೆಸರಿತ್ತು. ಮರ ಮೈಸೂರಿನದು, ಎಣ್ಣೆ ಜರ್ಮನಿಯದು. 1914ರಲ್ಲಿ ಮಹಾಯುದ್ಧ ಶುರುವಾದ ಕೂಡಲೇ ಆ ವ್ಯಾಪಾರ ನಿಂತಿತು. ಕೋಠಿಗಳಲ್ಲಿ ಮರ ಉಳಿಯಿತು, ಖಜಾನೆಗೆ ಬರುವ ಆದಾಯಕ್ಕೆ ಪೆಟ್ಟು ಬಿತ್ತು.

ಇದೇ ಸನ್ನಿವೇಶದ ಇನ್ನೊಂದು ಮಗ್ಗುಲನ್ನು ಸಾಮಾನ್ಯವಾಗಿ ಯಾರೂ ಒತ್ತಿ ಹೇಳುವುದಿಲ್ಲ. ಗಂಧದೆಣ್ಣೆ ಬೇಕಾಗಿದ್ದವರು ಯುದ್ಧದಿಂದ ಇಲ್ಲವಾಗಲಿಲ್ಲ. ಪೆನ್ಸಿಲಿನ್ ಬರುವುದಕ್ಕೆ ಮುಂಚಿನ ಆ ಕಾಲದಲ್ಲಿ ಗೊನೋರಿಯಾ ರೋಗಕ್ಕೆ ಗಂಧದೆಣ್ಣೆಯ ಕ್ಯಾಪ್ಸೂಲ್ ಮಾಮೂಲಿ ಔಷಧ. ಅತ್ತರು, ಸೆಂಟು ತಯಾರಿಸುವವರಿಗೆ ಹಗುರವಾದ ಪರಿಮಳಗಳನ್ನು ಹಿಡಿದು ನಿಲ್ಲಿಸುವ ದ್ರವ್ಯವಾಗಿಯೂ ಅದು ಬೇಕು. ಬ್ರಿಟನ್, ಫ್ರಾನ್ಸ್‌ಗಳ ಔಷಧ ವ್ಯಾಪಾರಿಗಳು ಹಣ ಹಿಡಿದು ಸಿದ್ಧರಾಗಿದ್ದರು. ಅವರಿಗೆ ಎಣ್ಣೆ ಕೊಡುತ್ತಿದ್ದ ಜರ್ಮನಿ ಮಾತ್ರ ಶತ್ರುದೇಶವಾಗಿತ್ತು. ಮೈಸೂರು ಹೊಸ ಬೇಡಿಕೆ ಹುಟ್ಟಿಸಬೇಕಾಗಿರಲಿಲ್ಲ. ಮರ ಮತ್ತು ಬೇಡಿಕೆಗಳ ನಡುವೆ ತೆರವಾದ ಜಾಗಕ್ಕೆ ಒಂದು ತಾಂತ್ರಿಕ ವಿಧಾನವನ್ನು ತಂದು ಕೂರಿಸಬೇಕಾಗಿತ್ತು.

ಆ ವಿಧಾನ ಬಂದದ್ದು ಭಾರತೀಯ ವಿಜ್ಞಾನ ಸಂಸ್ಥೆಯಿಂದ, ಬೆಂಗಳೂರಿಗರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಆಗಿದ್ದ ಆ ಸಂಸ್ಥೆಯಿಂದ. ಅದಕ್ಕೆ ಜಾಗ ಕೊಟ್ಟದ್ದು ಮೈಸೂರು ಸಂಸ್ಥಾನವೇ. ಅಲ್ಲಿ ಮೊದಲ ವಿದ್ಯಾರ್ಥಿಗಳು ಸೇರಿದ್ದು 1911ರಲ್ಲಿ. ಯುದ್ಧ ಶುರುವಾಗುವಾಗ ಸಂಸ್ಥೆಗೆ ಇನ್ನೂ ಎಳೆ ವಯಸ್ಸು. ರಸಾಯನಶಾಸ್ತ್ರದ ಪ್ರಾಧ್ಯಾಪಕ ಜೆ.ಜೆ. ಸಡ್‌ಬರೋ ಮತ್ತು ಅವರ ಸಹೋದ್ಯೋಗಿ ಎಚ್.ಇ. ವಾಟ್ಸನ್ ಗಂಧದ ಚೇಗಿನಿಂದ ಎಣ್ಣೆ ಬಟ್ಟಿ ಇಳಿಸುವ ಪ್ರಯೋಗಗಳನ್ನು ಕೈಗೆತ್ತಿಕೊಂಡರು. ತತ್ತ್ವ ಹೊಸದೇನಲ್ಲ. ಮರದ ಪುಡಿಯ ಮೂಲಕ ಹಬೆ ಹಾಯಿಸಿದರೆ ಎಣ್ಣೆ ಹಬೆಯ ಜೊತೆ ಬರುತ್ತದೆ, ತಣಿಸಿದರೆ ನೀರಿನಿಂದ ಬೇರೆಯಾಗುತ್ತದೆ. ಕಷ್ಟವಿದ್ದದ್ದು ಅಳತೆಯಲ್ಲಿ. ಗಂಧದೆಣ್ಣೆಯ ಮುಖ್ಯ ಅಂಶವಾದ ಸ್ಯಾಂಟಲಾಲ್ ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುವ ವಸ್ತು. ಹಬೆಯ ಜೊತೆ ಅದು ಬಹಳ ನಿಧಾನವಾಗಿ ಬರುತ್ತದೆ. ಚೇಗಿನ ತೂಕದಲ್ಲಿ ಎಣ್ಣೆಯ ಪಾಲು ನೂರಕ್ಕೆ 5-6ರ ಆಸುಪಾಸು. ಪುಡಿ ಎಷ್ಟು ನುಣ್ಣಗಿರಬೇಕು, ಹಬೆ ಎಷ್ಟು ಹೊತ್ತು ಹಾಯಬೇಕು, ಯಾವ ಹಂತದಲ್ಲಿ ನಿಲ್ಲಿಸಿದರೆ ಸೌದೆಯ ಖರ್ಚು ಉಳಿಯುತ್ತದೆ, ಯಾವ ಹಂತದಲ್ಲಿ ನಿಲ್ಲಿಸಿದರೆ ಗುಣ ಕೆಡುತ್ತದೆ ಎಂಬ ಲೆಕ್ಕಗಳೆಲ್ಲ ಕೂಡಿಯೇ ಲಾಭ ನಷ್ಟ ತೀರ್ಮಾನವಾಗಬೇಕು. ಬ್ರಿಟಿಷ್ ಫಾರ್ಮಕೋಪಿಯ ಔಷಧದ ಗಂಧದೆಣ್ಣೆಯಲ್ಲಿ ಸ್ಯಾಂಟಲಾಲ್ ನೂರಕ್ಕೆ 90ಕ್ಕಿಂತ ಕಡಿಮೆ ಇರಬಾರದೆಂದು ಹೇಳುತ್ತಿತ್ತು. ಲಂಡನ್ನಿನ ವ್ಯಾಪಾರಿಯ ವಿಶ್ವಾಸ ಗಳಿಸಲು ಮೈಸೂರಿಗೆ ಇದ್ದ ಮುಖ್ಯ ಸಾಧನ ಈ ಅಂಕಿ. ಗಿರಾಕಿಯ ಬೇಡಿಕೆ ಎಷ್ಟು ಸ್ಪಷ್ಟವಾಗಿತ್ತೆಂದರೆ ಅದು ಶೇಕಡಾವಾರು ಲೆಕ್ಕದಲ್ಲಿ ಅಚ್ಚಾಗಿತ್ತು. ರಸಾಯನಶಾಸ್ತ್ರಜ್ಞರಿಗೆ ಗುರಿ ಏನೆಂದು ಯಾರೂ ಬೇರೆಯಾಗಿ ವಿವರಿಸಬೇಕಾಗಿರಲಿಲ್ಲ.

1916ರಲ್ಲಿ ಬೆಂಗಳೂರಿನಲ್ಲಿ ಸಣ್ಣ ಕಾರ್ಖಾನೆ ಶುರುವಾಯಿತು, ಮರುವರ್ಷ ಮೈಸೂರಿನಲ್ಲಿ ಅದಕ್ಕಿಂತ ದೊಡ್ಡದು. ಪ್ರಯೋಗಾಲಯದಿಂದ ಕಾರ್ಖಾನೆಗೆ ಬರಲು ಹಿಡಿದ ಸಮಯ ಇಂದಿನ ಅಳತೆಯಲ್ಲೂ ಕಡಿಮೆಯೇ. ಕಾರಣ ಹುಡುಕಿದರೆ ಮತ್ತೆ ಅದೇ ಜಾಗಕ್ಕೆ ಬರುತ್ತೇವೆ. ಕಚ್ಚಾ ಮಾಲಿನ ಒಡೆಯ, ಆದಾಯ ಕಳೆದುಕೊಳ್ಳುತ್ತಿದ್ದವ, ಬಂಡವಾಳ ಹಾಕಿದವ ಮೂವರೂ ಒಬ್ಬರೇ, ಅಂದರೆ ಸಂಸ್ಥಾನ. ಉದ್ಯಮಿಯ ಪಾತ್ರವನ್ನು ಯಾರೋ ಒಬ್ಬ ವ್ಯಕ್ತಿ ವಹಿಸಲಿಲ್ಲ. ದಿವಾನರು ಹಣ ಮಂಜೂರು ಮಾಡಿದರು, ಚಾಟರ್ಟನ್ ವಿಜ್ಞಾನಿಗಳನ್ನೂ ಸರ್ಕಾರವನ್ನೂ ಬೆಸೆದರು, ಸಡ್‌ಬರೋ ಮತ್ತು ವಾಟ್ಸನ್ ಅಳತೆ ಕೊಟ್ಟರು. ಒಬ್ಬ ವೀರನ ಸುತ್ತ ಉದ್ಯಮದ ಕಥೆ ಹೆಣೆಯುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಈ ಪ್ರಕರಣಕ್ಕೆ ಆ ಚೌಕಟ್ಟು ಹೊಂದುವುದಿಲ್ಲ.

ಸಾಬೂನು ಬಂದದ್ದು ಆಮೇಲೆ, 1918ರಲ್ಲಿ. ವಿದೇಶೀ ಅತಿಥಿಗಳು ಮೈಸೂರಿನ ಗಂಧದೆಣ್ಣೆಯಿಂದಲೇ ಮಾಡಿದ ಸಾಬೂನನ್ನು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಕಾಣಿಕೆ ಕೊಟ್ಟರೆಂದೂ, ಇದನ್ನು ನಾವೇ ಏಕೆ ಮಾಡಬಾರದೆಂದು ಮಹಾರಾಜರು ಕೇಳಿದರೆಂದೂ ಒಂದು ಕಥೆ ಪ್ರಚಾರದಲ್ಲಿದೆ. ಅದನ್ನು ಕಥೆಯೆಂದೇ ಇಟ್ಟುಕೊಳ್ಳೋಣ. ಖಚಿತವಾಗಿ ಹೇಳಬಹುದಾದದ್ದು ಸೋಸಲೆ ಗರಳಪುರಿ ಶಾಸ್ತ್ರಿಗಳ ಕೆಲಸ. ರಸಾಯನಶಾಸ್ತ್ರ ಓದಿದ್ದ ಅವರು ಇಂಗ್ಲೆಂಡಿಗೆ ಹೋಗಿ ಸಾಬೂನು ಮತ್ತು ಸುಗಂಧ ತಯಾರಿಕೆ ಕಲಿತು ಬಂದು, ಇಂದು ನಮಗೆ ಪರಿಚಿತವಾಗಿರುವ ಮೈಸೂರು ಸ್ಯಾಂಡಲ್ ಸಾಬೂನನ್ನು ರೂಪಿಸಿದರು. ಅವರಿಗೆ ಸೋಪ್ ಶಾಸ್ತ್ರಿ ಎಂಬ ಹೆಸರೇ ಬಂತು. ಅಂಡಾಕಾರ, ಒಡವೆಯ ಪೆಟ್ಟಿಗೆಯಂಥ ಡಬ್ಬಿ, ಶರಭದ ಲಾಂಛನ ಎಲ್ಲವೂ ಮನೆಮನೆಯ ಗಿರಾಕಿಯನ್ನು ಒಲಿಸಿಕೊಳ್ಳುವ ಪ್ರಯತ್ನಗಳು. ಎಣ್ಣೆಗೆ ಬೇಕಾಗಿರದ ಈ ಪ್ರಯತ್ನ ಸಾಬೂನಿಗೆ ಬೇಕಾಯಿತು. ಸಾಬೂನು ಕೊಳ್ಳುವವರನ್ನು ಉದ್ಯಮ ಗಳಿಸಿಕೊಳ್ಳಬೇಕಾಗಿತ್ತು, ಮತ್ತು ಆ ನಿಧಾನದ ಕೆಲಸವನ್ನು ತಾಳಿಕೊಳ್ಳುವ ಶಕ್ತಿ ಎಣ್ಣೆಯ ವ್ಯಾಪಾರದಿಂದ ಬಂದಿತ್ತು. 1940ರ ದಶಕದಲ್ಲಿ ಪೆನ್ಸಿಲಿನ್ ಬಂದು ಗಂಧದೆಣ್ಣೆಯ ಔಷಧ ಮಾರುಕಟ್ಟೆ ಮುಗಿದುಹೋದಾಗ ಉದ್ಯಮ ಕುಸಿಯದಿದ್ದುದಕ್ಕೆ ಸುಗಂಧದ ಜೊತೆಗೆ ಈ ಎರಡನೆಯ ಕಾಲೂ ಕಾರಣ ಎಂದು ನಾನು ಭಾವಿಸುತ್ತೇನೆ. 1944ರಲ್ಲಿ ಶಿವಮೊಗ್ಗದಲ್ಲಿ ಇನ್ನೊಂದು ಎಣ್ಣೆ ಕಾರ್ಖಾನೆ ಸೇರಿತು. 1980ರಲ್ಲಿ ಎಲ್ಲವೂ ಒಂದೇ ಕಂಪನಿಯಾದವು.

ಚುನಾವಣಾ ಶಾಯಿಯ ವಿಷಯದಲ್ಲಿ ಕಥೆ ಚಿಕ್ಕದು, ಆದರೆ ನನ್ನ ವಾದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಸಿಗಲಾರದು. ಮೈಸೂರಿನಲ್ಲಿ ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆ ಸ್ಥಾಪನೆಯಾಗಿತ್ತು. ಕಾಡಿನ ಅರಗನ್ನು ಮಾರಾಟದ ಸರಕಾಗಿಸುವುದು ಅದರ ಮೂಲ ಉದ್ದೇಶ. ಇತ್ತ ದಿಲ್ಲಿಯ ರಾಷ್ಟ್ರೀಯ ಭೌತಶಾಸ್ತ್ರ ಪ್ರಯೋಗಾಲಯ ಅಳಿಸಲಾಗದ ಶಾಯಿಯ ಸೂತ್ರ ರೂಪಿಸಿತ್ತು. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನ ಜೊತೆ ಸೇರಿ ಸಿಲ್ವರ್ ಕ್ಲೋರೈಡ್ ಆಗುತ್ತದೆ, ಬೆಳಕು ಬಿದ್ದಾಗ ಕಪ್ಪಾಗುತ್ತದೆ, ನೀರಿನಲ್ಲಿ ಕರಗುವುದಿಲ್ಲ. ಉಗುರು ಬೆಳೆದು ಹೋಗುವವರೆಗೆ ಗುರುತು ಉಳಿಯುತ್ತದೆ. ಪ್ರಯೋಗಾಲಯಗಳ ಸಂಶೋಧನೆಯನ್ನು ಉದ್ಯಮಕ್ಕೆ ದಾಟಿಸಲೆಂದೇ 1953ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಸಂಶೋಧನಾ ಅಭಿವೃದ್ಧಿ ನಿಗಮದ ಮೂಲಕ ಮೈಸೂರಿನ ಕಾರ್ಖಾನೆಗೆ ಪರವಾನಗಿ ಸಿಕ್ಕಿತು. 1962ರ ಮಹಾಚುನಾವಣೆಯಿಂದ ಈವರೆಗೂ ದೇಶದ ಚುನಾವಣೆಗಳಿಗೆ ಶಾಯಿ ಅಲ್ಲಿಂದಲೇ ಹೋಗುತ್ತಿದೆ. 2019ರ ಲೋಕಸಭಾ ಚುನಾವಣೆಗೆ ಹೋದದ್ದು ಸುಮಾರು 26 ಲಕ್ಷ ಬಾಟಲಿ.

ಇಲ್ಲಿ ಗಿರಾಕಿ ಒಬ್ಬನೇ, ಚುನಾವಣಾ ಆಯೋಗ. ಅವನಿಗೆ ಕಾನೂನಿನ ಒತ್ತಡವಿತ್ತು: ಒಬ್ಬ ಮತದಾರ ಎರಡು ಸಲ ಮತ ಹಾಕದಂತೆ ನೋಡಿಕೊಳ್ಳಬೇಕು, ಓದುಬರಹ ಬಾರದ ಕೋಟ್ಯಂತರ ಜನರ ನಡುವೆ, ಫೋಟೊ ಗುರುತಿನ ಚೀಟಿ ಇಲ್ಲದ ಕಾಲದಲ್ಲಿ. ಸಂಶೋಧನೆ ಶುರುವಾಗುವ ಮೊದಲೇ ಗಿರಾಕಿ ಇದ್ದ ಎನ್ನುವುದಕ್ಕಿಂತ, ಗಿರಾಕಿಯ ಅಗತ್ಯವೇ ಸಂಶೋಧನೆಯನ್ನು ಹುಟ್ಟಿಸಿತು ಎನ್ನಬೇಕು. ಏಕೈಕ ಗಿರಾಕಿಯ ತೊಂದರೆಯೂ ಇದರಲ್ಲೇ ಇದೆ. ದೊಡ್ಡ ಚುನಾವಣೆ ಐದು ವರ್ಷಕ್ಕೊಮ್ಮೆ. ನಡುವಿನ ವರ್ಷಗಳಲ್ಲಿ ಕಾರ್ಖಾನೆಯನ್ನು ಬಣ್ಣದ ವ್ಯಾಪಾರ, ಹೊರದೇಶಗಳ ಚುನಾವಣೆಗಳ ಬೇಡಿಕೆ ಮುಂತಾದವು ನಡೆಸಬೇಕು.

ಈಗ ಸಿಂಪ್ಯೂಟರ್. ಇದರ ಬಗ್ಗೆ ಬರೆಯುವಾಗ ನನ್ನ ಸಹಾನುಭೂತಿ ಪೂರ್ತಿಯಾಗಿ ಅದನ್ನು ಮಾಡಿದವರ ಕಡೆ ಇದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಭಾರತೀಯ ವಿಜ್ಞಾನ ಸಂಸ್ಥೆಯ ಕಂಪ್ಯೂಟರ್ ವಿಜ್ಞಾನಿಗಳಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್ ಮತ್ತು ಎನ್‌ಕೋರ್ ಸಂಸ್ಥೆಯ ವಿನಯ್ ದೇಶಪಾಂಡೆ ಇದರ ಮುಂಚೂಣಿಯಲ್ಲಿದ್ದವರು. 1998ರಲ್ಲಿ ಬೆಂಗಳೂರಿನಲ್ಲಿ ಅಭಿವೃದ್ಧಿಶೀಲ ದೇಶಗಳಿಗೆ ಮಾಹಿತಿ ತಂತ್ರಜ್ಞಾನ ಎಂಬ ವಿಷಯದ ಮೇಲೆ ನಡೆದ ಚರ್ಚೆಗಳಲ್ಲಿ ಆಲೋಚನೆ ಮೊಳೆಯಿತು, 2001ರ ಏಪ್ರಿಲ್‌ನಲ್ಲಿ ಮಾದರಿ ಹೊರಬಂತು. ಅಂಗೈಯಲ್ಲಿ ಹಿಡಿಯುವ ಸಾಧನ, ಕೀಲಿಮಣೆ ಇಲ್ಲ, ಪರದೆ ಮುಟ್ಟಿ ನಡೆಸುವುದು, ಒಳಗೆ ಲಿನಕ್ಸ್, ಓದಲು ಬಾರದವರಿಗೆ ಭಾರತೀಯ ಭಾಷೆಗಳಲ್ಲಿ ಪಠ್ಯವನ್ನು ಧ್ವನಿಯಾಗಿ ಕೇಳಿಸುವ ಏರ್ಪಾಟು. ಇಷ್ಟೆಲ್ಲದಕ್ಕೂ ಇಟ್ಟುಕೊಂಡ ಗುರಿ ಸುಮಾರು 9,000 ರೂಪಾಯಿ. ಅಷ್ಟನ್ನೂ ಕೊಡಲಾರದ ರೈತನಿಗಾಗಿ ಇನ್ನೊಂದು ಉಪಾಯವಿತ್ತು. ಸಾಧನ ಊರಿಗೆ ಒಂದಿದ್ದರೆ ಸಾಕು. ಪ್ರತಿಯೊಬ್ಬರ ಬಳಿ ತಮ್ಮ ಮಾಹಿತಿ ತುಂಬಿದ ಸ್ಮಾರ್ಟ್ ಕಾರ್ಡ್ ಇರುತ್ತದೆ, ಅದನ್ನು ಸಿಕ್ಕಿಸಿದ ಹೊತ್ತಿಗೆ ಸಾಧನ ಅವರದಾಗುತ್ತದೆ. ಹಂಚಿಕೊಂಡು ಬಳಸುವ ಈ ವಿನ್ಯಾಸವನ್ನು ನಾನು ಆ ಕಾಲದ ಅತ್ಯಂತ ಮಾನವೀಯ ಎಂಜಿನಿಯರಿಂಗ್ ತೀರ್ಮಾನಗಳಲ್ಲಿ ಒಂದೆಂದು ಪರಿಗಣಿಸುತ್ತೇನೆ.

ವ್ಯಾಪಾರದ ರಚನೆಯೂ ಹೊಸದಾಗಿತ್ತು. ವಿನ್ಯಾಸ ಒಂದು ಟ್ರಸ್ಟಿನ ಕೈಯಲ್ಲಿ ಇರುತ್ತದೆ. ಮುಕ್ತ ತಂತ್ರಾಂಶದ ಪರವಾನಗಿಯ ತತ್ತ್ವವನ್ನು ಯಂತ್ರಾಂಶಕ್ಕೂ ವಿಸ್ತರಿಸಿ, ಯಾರು ಬೇಕಾದರೂ ಶುಲ್ಕ ಕೊಟ್ಟು ತಯಾರಿಸಬಹುದು ಎಂಬ ಏರ್ಪಾಡು. ಎನ್‌ಕೋರ್ ಒಂದು ಪರವಾನಗಿ ಪಡೆಯಿತು. ಪ್ರಾಧ್ಯಾಪಕರೇ ಕಟ್ಟಿದ ಪಿಕೊಪೆಟಾ ಇನ್ನೊಂದನ್ನು ಪಡೆದು, ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಯಾರಿಸಿ, 2004ರಲ್ಲಿ ಅಮಿಡಾ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಕೈಯಲ್ಲಿ ಹಿಡಿದು ಓಲಾಡಿಸಿದರೆ ಅದನ್ನೇ ಆಜ್ಞೆಯಾಗಿ ಗ್ರಹಿಸುವ ಸಂವೇದಕ ಅದರಲ್ಲಿತ್ತು, ಫೋನುಗಳಲ್ಲಿ ಅದು ಸಾಮಾನ್ಯವಾಗುವುದಕ್ಕೆ ಎಷ್ಟೋ ಮುಂಚೆ. ಬೆಲೆ ಮಾದರಿಗೆ ತಕ್ಕಂತೆ ಸುಮಾರು 10,000ದಿಂದ 20,000 ರೂಪಾಯಿ. ಮಾರಾಟ ಕೆಲವು ಸಾವಿರದ ಆಚೆ ಹೋಗಲಿಲ್ಲ. ಅಂದಿನ ಪತ್ರಿಕಾ ವರದಿಗಳು ಹೇಳಿದ ಸಂಖ್ಯೆ 4,000ದ ಆಸುಪಾಸು.

ಸೋಲಿನ ಕಾರಣವಾಗಿ ಎಲ್ಲರೂ ಮೊಬೈಲ್ ಫೋನನ್ನು ತೋರಿಸುತ್ತಾರೆ. ಅದು ಸುಳ್ಳಲ್ಲ. 2003ರಲ್ಲಿ ಒಳಬರುವ ಕರೆಗಳು ಉಚಿತವಾದವು, ರಿಲಯನ್ಸ್ 501 ರೂಪಾಯಿಯ ಯೋಜನೆ ತಂದಿತು, ಟಾರ್ಚ್ ಇದ್ದ ನೋಕಿಯಾ 1100 ಹಳ್ಳಿಹಳ್ಳಿಗೆ ತಲುಪಿತು. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಮುಖ್ಯವಾದದ್ದು ತಪ್ಪಿಹೋಗುತ್ತದೆ. ಸಿಂಪ್ಯೂಟರಿನ ವಿನ್ಯಾಸದಲ್ಲಿ ಬಳಸುವವರು ಒಬ್ಬರು, ಕೊಳ್ಳುವವರು ಇನ್ನೊಬ್ಬರು. ಬಳಸುವುದು ರೈತ, ಕೊಳ್ಳಬೇಕಾದದ್ದು ಗ್ರಾಮ ಪಂಚಾಯಿತಿ, ಸಹಕಾರ ಸಂಘ, ಶಾಲೆ, ಬ್ಯಾಂಕು, ಸ್ವಯಂಸೇವಾ ಸಂಸ್ಥೆ. ಇವುಗಳಲ್ಲಿ ಯಾವುದರ ಆಯವ್ಯಯ ಪತ್ರದಲ್ಲೂ ಅಂಥ ಸಾಧನಕ್ಕೆ ಒಂದು ಸಾಲು ಇರಲಿಲ್ಲ. ಸರ್ಕಾರಿ ಖರೀದಿ ಟೆಂಡರ್ ಮೂಲಕ ಆಗಬೇಕು. ಟೆಂಡರ್ ಹಿಂದಿನ ಅನುಭವ, ಹಿಂದಿನ ವಹಿವಾಟು ಕೇಳುತ್ತದೆ. ಹೊಸ ವಸ್ತುವಿಗೆ ಹಿಂದಿನ ವಹಿವಾಟು ಎಲ್ಲಿಂದ ಬರಬೇಕು? ಬೆಲೆ ಇಳಿಯಬೇಕಾದರೆ ಲಕ್ಷಗಟ್ಟಲೆ ತಯಾರಾಗಬೇಕು, ಅಷ್ಟು ತಯಾರಾಗಬೇಕಾದರೆ ಮೊದಲು ಬೆಲೆ ಇಳಿಯಬೇಕು. ಟ್ರಸ್ಟ್ ಪರವಾನಗಿ ಕೊಡಬಲ್ಲದಾಗಿತ್ತು. ಆ ಕುಣಿಕೆ ಬಿಚ್ಚಲು ಬೇಕಾದ ದೊಡ್ಡ ಖರೀದಿ ಆದೇಶ ಕೊಡಬಲ್ಲದಾಗಿರಲಿಲ್ಲ. ಗಮನಿಸಬೇಕಾದದ್ದೆಂದರೆ, ಎನ್‌ಕೋರ್ ಇದೇ ತಾಂತ್ರಿಕ ತಳಹದಿಯಿಂದ ಭಾರತೀಯ ಸೇನೆಗಾಗಿ ಸಾಥಿ ಎಂಬ ಅಂಗೈ ಸಾಧನ ರೂಪಿಸಿತು. ಖಚಿತವಾದ ಅಗತ್ಯ ಇದ್ದ, ಕೊಳ್ಳುವ ಅಧಿಕಾರವೂ ಇದ್ದ ಗಿರಾಕಿ ಎದುರಾದ ಕಡೆಗೆ ತಂತ್ರಜ್ಞಾನ ಹರಿಯಿತು.

ಅದೇ ವರ್ಷಗಳಲ್ಲಿ ಅದೇ ರೈತನ ಸುತ್ತ ಇನ್ನೊಂದು ಪ್ರಯೋಗ ನಡೆಯುತ್ತಿತ್ತು. ಕರ್ನಾಟಕದ ಭೂಮಿ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಮುದ್ರಿತ ಪ್ರತಿ ಕೊಡತೊಡಗಿತು. ಅದು ಉದ್ಯಮವಲ್ಲ, ಸರ್ಕಾರಿ ಸೇವೆ. ಆದರೂ ರೈತ ಹಣ ಕೊಟ್ಟ. ಬ್ಯಾಂಕ್ ಸಾಲಕ್ಕೆ ಪಹಣಿ ಬೇಕೇ ಬೇಕು. ಅದಕ್ಕಾಗಿ ಮೊದಲೂ ಅವನು ಅಲೆದಾಟ, ಕೂಲಿ ನಷ್ಟ, ಕೈಬಿಸಿಯ ರೂಪದಲ್ಲಿ 15 ರೂಪಾಯಿಗಿಂತ ಹೆಚ್ಚೇ ಖರ್ಚು ಮಾಡುತ್ತಿದ್ದ. ಹಳ್ಳಿಯವರಿಗೆ ಕಂಪ್ಯೂಟರಿನ ಬಗ್ಗೆ ಹಿಂಜರಿಕೆ ಇತ್ತು ಎಂಬ ವಿವರಣೆ ಈ ಸಂಗತಿಯ ಎದುರು ನಿಲ್ಲುವುದಿಲ್ಲ.

ಇದಕ್ಕಿಂತ ಬಿಗಿಯಾದ ಹೋಲಿಕೆಯೊಂದು ಇದೆ, ಈ ಟಿಪ್ಪಣಿ ಬರೆಯಲು ನನ್ನನ್ನು ಪ್ರೇರೇಪಿಸಿದ್ದೂ ಅದೇ. ಸಿಂಪ್ಯೂಟರಿನ ಹಿಂದಿದ್ದ ಅದೇ ನಾಲ್ವರು ಪ್ರಾಧ್ಯಾಪಕರು 2000ದಲ್ಲಿ ಸ್ಟ್ರ್ಯಾಂಡ್ ಜೀನೋಮಿಕ್ಸ್ ಎಂಬ ಕಂಪನಿಯನ್ನೂ ಸ್ಥಾಪಿಸಿದರು. ಜೀವಕೋಶದ ಸಾವಿರಾರು ಜೀನ್‌ಗಳ ಚಟುವಟಿಕೆ ಅಳೆದಾಗ ಬರುವ ದತ್ತಾಂಶದ ರಾಶಿಯನ್ನು ವಿಶ್ಲೇಷಿಸುವ ತಂತ್ರಾಂಶ ಅವರ ಮುಖ್ಯ ಸರಕು. ಅವರ ಅವಾದಿಸ್ ವೇದಿಕೆಯ ಮೇಲೆ ಅಜಿಲೆಂಟ್ ಕಂಪನಿ ತನ್ನ ಜೀನ್‌ಸ್ಪ್ರಿಂಗ್ ಉತ್ಪನ್ನವನ್ನು ಕಟ್ಟಿತು. ಸ್ಟ್ರ್ಯಾಂಡ್ ಬೆಳೆಯಿತು, ಹೆಸರು ಸ್ವಲ್ಪ ಬದಲಿಸಿಕೊಂಡಿತು, ರೋಗಿಗಳ ಜೀನ್ ಪರೀಕ್ಷೆಗೂ ಇಳಿಯಿತು. 2021ರಲ್ಲಿ ರಿಲಯನ್ಸ್ ಸಮೂಹ ಅದರ ಬಹುಪಾಲು ಷೇರು ಕೊಂಡಿತು. ಜನ ಅವರೇ, ಸಂಸ್ಥೆ ಅದೇ, ಕಾಲ ಅದೇ, ಊರು ಅದೇ. ಬುದ್ಧಿಶಕ್ತಿಯಲ್ಲೋ ಸಾಹಸದಲ್ಲೋ ವ್ಯತ್ಯಾಸ ಹುಡುಕುವಂತಿಲ್ಲ. ಸ್ಟ್ರ್ಯಾಂಡಿನ ಗಿರಾಕಿಗಳಾದ ಔಷಧ ಸಂಶೋಧನಾ ಕಂಪನಿಗಳು ಮತ್ತು ಪ್ರಯೋಗಾಲಯಗಳು ಅಂಥ ವಿಶ್ಲೇಷಣೆಗೆ ಆಗಲೇ ದುಡ್ಡು ಸುರಿಯುತ್ತಿದ್ದವು. ಉದ್ಯಮ ಅಧ್ಯಯನದಲ್ಲಿ ಇಷ್ಟೊಂದು ಅಂಶಗಳು ಸಮವಾಗಿದ್ದು ಒಂದೇ ಅಂಶ ಬೇರೆಯಾಗಿರುವ ಜೋಡಿ ಸಿಗುವುದು ಅಪರೂಪ.

ಇನ್ನು ಆಕ್ಷೇಪಗಳು. ಗಂಧದ ಪ್ರಕರಣದಲ್ಲಿ ಯುದ್ಧ ಎಂಬ ಆಕಸ್ಮಿಕವೂ ಕಚ್ಚಾ ಮಾಲಿನ ಏಕಸ್ವಾಮ್ಯವೂ ಇದ್ದವು, ಅದನ್ನು ಸಾಮಾನ್ಯ ಉದ್ಯಮಿಗೆ ಪಾಠವಾಗಿ ಇಡುವುದು ಸರಿಯೇ ಎಂದು ಕೇಳಬಹುದು. ಕೇಳಬೇಕು ಕೂಡ. ಏಕಸ್ವಾಮ್ಯ ಉದ್ಯಮವನ್ನು ನಿಲ್ಲಿಸಿದ್ದು ನಿಜ, ಆದರೆ ಅದೇ ಮುಂದೆ ಮುಳುವಾಯಿತು. ತನ್ನ ಜಮೀನಿನ ಗಂಧ ತನ್ನದಲ್ಲ ಎಂದಾದ ಮೇಲೆ ರೈತನಿಗೆ ಅದನ್ನು ಬೆಳೆಸಲು ಕಾರಣವೇ ಇರಲಿಲ್ಲ. ಕಳ್ಳಸಾಗಣೆಯೂ ಸೇರಿ ಮರ ಕ್ಷೀಣಿಸಿತು. 2001ರ ಕಾನೂನು ತಿದ್ದುಪಡಿ ಬೆಳೆಗಾರನಿಗೆ ಮರದ ಒಡೆತನ ಕೊಟ್ಟಿತು, ಆದರೆ ಚೇಗು ಕಟ್ಟಲು ದಶಕಗಳೇ ಬೇಕು. ಗಿರಾಕಿ ಇದ್ದೂ ಮಾಲು ಇಲ್ಲದ ಸ್ಥಿತಿಯನ್ನು ನನ್ನ ವಾದ ವಿವರಿಸುವುದಿಲ್ಲ. ಅದಕ್ಕೆ ಒಡೆತನದ ಬೇರೆ ಅಧ್ಯಯನವೇ ಬೇಕು.

ಎರಡನೆಯ ಆಕ್ಷೇಪ ಇದಕ್ಕಿಂತ ಆಳವಾದದ್ದು. ಇರುವ ಗಿರಾಕಿಯನ್ನೇ ಹುಡುಕಿಕೊಂಡು ಹೋದರೆ, ಹಣವಿಲ್ಲದವರ ಅಗತ್ಯಗಳಿಗೆ ತಂತ್ರಜ್ಞಾನ ಎಂದಿಗೂ ತಿರುಗುವುದಿಲ್ಲ. ಸಿಂಪ್ಯೂಟರ್ ಕಟ್ಟಿದವರು ಇದನ್ನು ಬಲ್ಲವರಾಗಿಯೇ ಆ ದಾರಿ ಹಿಡಿದಿದ್ದರು. ಗಿರಾಕಿ ಇಲ್ಲವೆಂದು ಅಂಥ ಆಲೋಚನೆಗಳನ್ನು ಕೈಬಿಡಬೇಕೆಂದು ನಾನು ಹೇಳುತ್ತಿಲ್ಲ. ಅವುಗಳಿಗೆ ಬೇಕಾದ ಮೊದಲ ಗಿರಾಕಿ ಸರ್ಕಾರವೇ ಆಗಬೇಕು ಎನ್ನುತ್ತೇನೆ, ಚುನಾವಣಾ ಆಯೋಗ ಶಾಯಿಗೆ ಆದ ಹಾಗೆ. ಹೊಸ ಉದ್ಯಮಕ್ಕೆ ನಾವು ಕೊಡುವ ನೆರವು ಹೆಚ್ಚಾಗಿ ಇನ್ನೊಂದು ತುದಿಯಲ್ಲಿದೆ: ಮೈಸೂರಿನ ಜೆಎಸ್ಎಸ್ ಎಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿರುವಂಥ ತಂತ್ರಜ್ಞಾನ ಉದ್ಯಮ ಪಾರ್ಕುಗಳು, ಕಾಲೇಜುಗಳ ಇನ್‌ಕ್ಯುಬೇಟರುಗಳು, ಬೀಜಧನ, ಸ್ಪರ್ಧೆಗಳ ಬಹುಮಾನ. ಇವೆಲ್ಲ ಮಾದರಿ ತಯಾರಾಗುವವರೆಗೆ ಕೈ ಹಿಡಿಯುತ್ತವೆ. ಸಿಂಪ್ಯೂಟರ್ ಆ ಹಂತವನ್ನು ಯಶಸ್ವಿಯಾಗಿ ದಾಟಿತ್ತು.

2016ರಲ್ಲಿ ಆರಂಭವಾದ ಸ್ಟಾರ್ಟ್ಅಪ್ ಇಂಡಿಯಾ ಕಾರ್ಯಕ್ರಮ ಸರ್ಕಾರಿ ಖರೀದಿಯಲ್ಲಿ ಹೊಸ ಕಂಪನಿಗಳಿಗೆ ಹಿಂದಿನ ಅನುಭವ ಮತ್ತು ವಹಿವಾಟಿನ ಷರತ್ತುಗಳನ್ನು ಸಡಿಲಿಸಿತು. 2001ರಲ್ಲಿ ಇಲ್ಲದಿದ್ದ ಬಾಗಿಲು ಇದು, ಮತ್ತು ಸರಿಯಾದ ಜಾಗದಲ್ಲಿಯೇ ಇಟ್ಟ ಬಾಗಿಲು. ಟೆಂಡರಿನಲ್ಲಿ ಪಾಲ್ಗೊಳ್ಳುವ ಹಕ್ಕು ಸಿಕ್ಕ ಮಾತ್ರಕ್ಕೆ ಖರೀದಿ ಆದೇಶ ಸಿಕ್ಕಂತಾಗದು. ಅಪರಿಚಿತ ಕಂಪನಿಯ ಅಪರಿಚಿತ ವಸ್ತುವನ್ನು ಕೊಂಡು ನಾಳೆ ಲೆಕ್ಕಪರಿಶೋಧಕರಿಗೆ ಉತ್ತರ ಹೇಳಬೇಕಾದ ಅಧಿಕಾರಿಯ ಅಳುಕು ನಿಯಮದ ಸಡಿಲಿಕೆಯಿಂದ ಕರಗುವುದಿಲ್ಲ. ಈ ದಿಕ್ಕಿನಲ್ಲಿ ಮುಂದೆ ಆಗಬೇಕಾದ ಕೆಲಸ ಕರ್ನಾಟಕದ ಇಲಾಖೆಗಳ ಖರೀದಿ ಕಡತಗಳಲ್ಲಿದೆ. ಸಡಿಲಿಕೆಯ ಅಡಿಯಲ್ಲಿ ಬಂದ ಬಿಡ್‌ಗಳಲ್ಲಿ ಎಷ್ಟು ಆದೇಶವಾದವು, ಮೊದಲ ಆದೇಶ ಪಡೆದ ಕಂಪನಿಗೆ ಎರಡನೆಯದು ಅದೇ ಇಲಾಖೆಯಿಂದ ಬಂತೇ ಬೇರೆ ಕಡೆಯಿಂದ ಬಂತೇ, ಬಿಲ್ಲು ಪಾವತಿಗೆ ಎಷ್ಟು ದಿನ ಹಿಡಿಯಿತು ಎಂಬಷ್ಟನ್ನು ಒಂದೆರಡು ಇಲಾಖೆಗಳಲ್ಲಾದರೂ ಕೂತು ಎಣಿಸಿದರೆ, ಮೇಲಿನ ವಾದವನ್ನು ಇನ್ನಷ್ಟು ಪ್ರಕರಣಗಳ ಮೇಲೆ ಒರೆಗೆ ಹಚ್ಚುವುದು ಸಾಧ್ಯ.